ನಾನ್-ಬ್ಲಾಕಿಂಗ್ ಐಒ: ರೀಡ್ ಕೊಡುವ ಉತ್ತರವನ್ನು ಸರಿಯಾಗಿ ಕೇಳುವುದು

ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್‌ನ ನಮ್ಮ ಕಡೆಯ ತುದಿ) ಮೇಲೆ ರೀಡ್, ಅಂದರೆ ಡೇಟಾ ಓದುವ ಫಂಕ್ಷನ್, ಕರೆದಿದ್ದೀರಿ, ಆದರೆ ಡೇಟಾ ಇನ್ನೂ ಬಂದಿಲ್ಲ. ಆಗ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ರೀಡ್ ಕರೆದ ಥ್ರೆಡ್ಡನ್ನು, ಅಂದರೆ ಪ್ರೋಗ್ರಾಮ್‌ನಲ್ಲಿ ಓಡುತ್ತಿರುವ ಆ ಒಂದು ಕೆಲಸದ ಎಳೆಯನ್ನು, ಮಲಗಿಸಿ, ಡೇಟಾ ಬಂದ ಮೇಲೆ ಎಬ್ಬಿಸುತ್ತದೆ. ಇದೇ ಬ್ಲಾಕಿಂಗ್. ಒಂದೆರಡು ಕನೆಕ್ಷನ್ ಇದ್ದರೆ ಇದೇ ಒಳ್ಳೆಯದು, ಕೋಡ್ ಸರಳವಾಗಿರುತ್ತದೆ. ಹತ್ತು ಸಾವಿರ ಕನೆಕ್ಷನ್ ಇದ್ದರೆ ಹತ್ತು ಸಾವಿರ ಥ್ರೆಡ್ ಬೇಕು. ಅವುಗಳಲ್ಲಿ ಜಾಸ್ತಿ ಪಾಲು ಸುಮ್ನೆ ಮಲಗಿರುತ್ತವೆ, ಆದರೂ ಪ್ರತಿಯೊಂದಕ್ಕೂ ತನ್ನದೇ ಸ್ಟ್ಯಾಕ್ (ಕೆಲಸಕ್ಕೆ ಬೇಕಾದ ಮೆಮೊರಿ) ಇರಬೇಕು.

ಸಾಕೆಟ್‌ನ ಸೆಟ್ಟಿಂಗ್ ಬದಲಾಯಿಸುವ ಎಫ್‌ಸಿಎನ್‌ಟಿಎಲ್ ಕರೆದು ಒ_ನಾನ್‌ಬ್ಲಾಕ್ ಫ್ಲ್ಯಾಗ್ ಹಾಕಿದರೆ ರೀಡ್ ಕಾಯುವುದಿಲ್ಲ, ತಕ್ಷಣ ಉತ್ತರ ಕೊಡುತ್ತದೆ. ಇದೇ ನಾನ್-ಬ್ಲಾಕಿಂಗ್. ಆ ಉತ್ತರದಲ್ಲೇ ಇಡೀ ವಿಷಯ ಇದೆ, ನಿಧಾನವಾಗಿ ನೋಡೋಣ.

ಸೊನ್ನೆಗಿಂತ ದೊಡ್ಡ ಸಂಖ್ಯೆ ಬಂದರೆ ಅಷ್ಟು ಬೈಟ್ ಸಿಕ್ಕಿದೆ. ನೀವು ಕೇಳಿದಷ್ಟೇ ಇರಬೇಕೆಂದಿಲ್ಲ, ಅರ್ಧ ಮೆಸೇಜ್ ಕೂಡ ಆಗಿರಬಹುದು. ಹಾಗಾಗಿ ಬಂದಷ್ಟನ್ನು ಕೂಡಿಸಿಡಲು ಪ್ರತಿ ಕನೆಕ್ಷನ್‌ಗೂ ಒಂದು ಬಫರ್ ಬೇಕು. ಟಿಸಿಪಿ ಸಾಕೆಟ್‌ನಲ್ಲಿ 0 ಬಂದರೆ ಆ ಕಡೆಯವರು ಕಳಿಸುವುದನ್ನು ಮುಗಿಸಿದ್ದಾರೆ. -1 ಬಂದು ಎರ್‌ನೋದಲ್ಲಿ (ಕಾರಣದ ಕೋಡ್ ಇರುವ ಜಾಗ) ಇ-ಎಗೇನ್ ಇದ್ದರೆ 'ಈಗ ಏನೂ ಇಲ್ಲ, ಆಮೇಲೆ ಬಾ' ಎಂದರ್ಥ. ಇದು ತಪ್ಪಲ್ಲ! ನನ್ನ ಮೊದಲ ಸರ್ವರ್‌ನಲ್ಲಿ -1 ಕಂಡ ಕೂಡಲೇ ಕನೆಕ್ಷನ್ ಮುಚ್ಚುತ್ತಿದ್ದೆ. ಚೆನ್ನಾಗಿಯೇ ಇದ್ದ ಕನೆಕ್ಷನ್‌ಗಳು ಏಕೆ ಕಡಿದುಹೋಗುತ್ತಿವೆ ಎಂದು ಎರಡು ದಿನ ಹುಡುಕಿದ್ದೆ. ರೈಟ್ ಕೂಡ ಹೀಗೆಯೇ: ಅರ್ಧ ಬರೆದು ವಾಪಸ್ ಬರಬಹುದು, ಉಳಿದದ್ದನ್ನು ನೀವೇ ಇಟ್ಟುಕೊಳ್ಳಬೇಕು.

ಸರಿ, ಆಮೇಲೆ ಅಂದ್ರೆ ಯಾವಾಗ? ಲೂಪ್‌ನಲ್ಲಿ ಕೇಳುತ್ತಲೇ ಇದ್ದರೆ ಸಿಪಿಯು ಪೂರ್ತಿ ಅದಕ್ಕೇ ಹೋಗುತ್ತದೆ. ಕಾಯುವುದಂತೂ ತಪ್ಪಿದ್ದಲ್ಲ. ಆದರೆ ಎಲ್ಲ ಸಾಕೆಟ್‌ಗಳಿಗೂ ಒಂದೇ ಕಡೆ ಕಾಯಬಹುದು, ಅಲ್ವಾ? 1983ರ 4.2 ಬಿಎಸ್‌ಡಿಯಲ್ಲಿ (ಯುನಿಕ್ಸ್‌ನ ಒಂದು ಆವೃತ್ತಿ) ಬಂದ ಸೆಲೆಕ್ಟ್ ಮಾಡಿದ್ದು ಇದನ್ನೇ. ಆದರೆ ಪ್ರತಿ ಸಲವೂ ಪೂರ್ತಿ ಪಟ್ಟಿ ಕೊಡಬೇಕು, ಲಿನಕ್ಸ್‌ನಲ್ಲಿ ಆ ಪಟ್ಟಿಗೆ ಸಾಮಾನ್ಯವಾಗಿ 1024ರ ಮಿತಿಯೂ ಇದೆ. ಲಿನಕ್ಸ್‌ನ ಈಪೋಲ್ ಆ ಪಟ್ಟಿಯನ್ನು ಕರ್ನಲ್ ಒಳಗೇ ಇಟ್ಟುಕೊಂಡು, ತಯಾರಾದವನ್ನು ಮಾತ್ರ ಹೇಳುತ್ತದೆ. ಫ್ರೀಬಿಎಸ್‌ಡಿಯಲ್ಲಿ ಈ ಕೆಲಸಕ್ಕೆ ಕೆಕ್ಯೂ ಇದೆ.

ಈಪೋಲ್‌ನ ಎಡ್ಜ್-ಟ್ರಿಗರ್ಡ್ ಮೋಡ್ ಬಳಸುವಾಗ ಎಚ್ಚರ. ಹೊಸ ಡೇಟಾ ಬಂದಾಗ ಮಾತ್ರ ಅದು ಹೇಳುತ್ತದೆ. ಒಮ್ಮೆ ಓದಿ ಸ್ವಲ್ಪ ಉಳಿಸಿಬಿಟ್ಟರೆ, ಅದನ್ನು ಮತ್ತೆ ನೆನಪಿಸುವವರಿಲ್ಲ. ಹಾಗಾಗಿ ಇ-ಎಗೇನ್ ಬರುವವರೆಗೂ ಓದುತ್ತಲೇ ಇರಬೇಕು. ಕಲಿಯುವವರು ಮೊದಲು ಲೆವೆಲ್-ಟ್ರಿಗರ್ಡ್ ಬಳಸಿ ಎಂದೇ ನಾನು ಹೇಳುತ್ತೇನೆ. ಡೇಟಾ ಉಳಿದಿರುವವರೆಗೂ ಅದು ಹೇಳುತ್ತಲೇ ಇರುತ್ತದೆ.

ಡಿಸ್ಕ್‌ನಲ್ಲಿರುವ ಮಾಮೂಲಿ ಫೈಲ್‌ಗಳಿಗೆ ಇದ್ಯಾವುದೂ ಕೆಲಸ ಮಾಡುವುದಿಲ್ಲ. ಫ್ಲ್ಯಾಗ್ ಹಾಕಿದರೂ ರೀಡ್ ಡಿಸ್ಕ್‌ಗಾಗಿ ಕಾಯುತ್ತದೆ, ಈಪೋಲ್‌ಗೆ ಸೇರಿಸಲು ಹೋದರೆ ಇ-ಪರ್ಮ್ ಎಂಬ ಎರರ್ ಬರುತ್ತದೆ. ಅದಕ್ಕೇ ನೋಡ್.ಜೆಎಸ್ (ಜಾವಾಸ್ಕ್ರಿಪ್ಟನ್ನು ಬ್ರೌಸರ್ ಹೊರಗೆ ಓಡಿಸುವ ವ್ಯವಸ್ಥೆ) ಒಳಗಿನ ಲಿಬ್‌ಯುವಿ ಲೈಬ್ರರಿ ಫೈಲ್ ಕೆಲಸವನ್ನು ಥ್ರೆಡ್ ಪೂಲ್‌ಗೆ, ಅಂದರೆ ಮೊದಲೇ ಇಟ್ಟುಕೊಂಡ ಕೆಲವು ಥ್ರೆಡ್‌ಗಳಿಗೆ, ಕೊಡುತ್ತದೆ. ಬದಲಾಯಿಸದಿದ್ದರೆ ಅದರಲ್ಲಿ 4 ಥ್ರೆಡ್. 2019ರಲ್ಲಿ ಲಿನಕ್ಸ್ 5.1 ಜೊತೆ ಬಂದ ಐಒ_ಯೂರಿಂಗ್‌ನಲ್ಲಿ ಮಾತ್ರ ಸಾಕೆಟ್, ಫೈಲ್ ಎರಡಕ್ಕೂ ಒಂದೇ ದಾರಿ. ಅದು 'ಈಗ ಓದಬಹುದು' ಎನ್ನುವುದಿಲ್ಲ, 'ಓದಿ ಮುಗಿಸಿದೆ' ಎನ್ನುತ್ತದೆ.