ಬಾಡಿ ಹಿಡಿದಷ್ಟು ತುಂಬಬೇಡಿ

‘ಬಾಡಿ ಅಷ್ಟು ದೊಡ್ಡದು ಕೊಟ್ಟಿರೋದೇ ತುಂಬೋಕೆ ಅಲ್ವಾ ಸಾರ್?’ ಸೇತುವೆ, ಮೋರಿ ಕಟ್ಟುವ ಎಂಜಿನಿಯರುಗಳಾದ ನಮ್ಮನ್ನು ಟಿಪ್ಪರ್ ಮಾಲೀಕರು ಇದನ್ನೇ ಕೇಳುತ್ತಾರೆ. ಅಲ್ಲ. ಬಾಡಿ ಜಾಗದ ಅಳತೆ, ತೂಕದ್ದಲ್ಲ.

ಹತ್ತು ಚಕ್ರದ ಟಿಪ್ಪರಿಗೆ ಒಟ್ಟು ಮಿತಿ 28.5 ಟನ್. ಖಾಲಿ ಗಾಡಿ 11 ಟನ್ ಎಂದುಕೊಳ್ಳಿ, ನಿಮ್ಮದರ ನಿಖರ ತೂಕ ಆರ್‌ಸಿಯಲ್ಲಿರುತ್ತದೆ. ಉಳಿಯುವುದು 17.5 ಟನ್. ಒದ್ದೆ ಮರಳು ಘನ ಮೀಟರಿಗೆ ಸುಮಾರು 1.8 ಟನ್ ತೂಗುತ್ತದೆ. ಅಂದರೆ ತುಂಬಬಹುದಾದದ್ದು 9.7 ಘನ ಮೀಟರ್, ನಮ್ಮ ಲೆಕ್ಕದಲ್ಲಿ 340 ಘನ ಅಡಿ. 14 ಘನ ಮೀಟರ್ ಬಾಡಿಯನ್ನು ಅಂಚಿನವರೆಗೆ ತುಂಬಿದರೆ ಗಾಡಿ 36 ಟನ್ ದಾಟುತ್ತದೆ. ಮಳೆಯಲ್ಲಿ ನೆನೆದ ರಾಶಿ ಇನ್ನೂ ಭಾರ.

ಒಟ್ಟು ತೂಕ ಸರಿ ಇದ್ದರೂ ಸಾಲದು. ಇಲ್ಲೇ ಎಲ್ಲರೂ ಎಡವುವುದು. 3 ಮೀಟರಿನ ಮೋರಿಯ, ಅಂದರೆ ರಸ್ತೆಯ ಚಿಕ್ಕ ಸೇತುವೆಯ, ಮೇಲೆ ಇಡೀ ಗಾಡಿ ನಿಲ್ಲುವುದೇ ಇಲ್ಲ. ಮುಂದಿನ ಚಕ್ರ ಆಚೆ ಇಳಿದಿರುತ್ತದೆ, ಹಿಂದಿನ ಜೋಡಿ ಆಕ್ಸಲ್ ಮಾತ್ರ ಚಪ್ಪಡಿಯ ನಡುವೆ ಇರುತ್ತದೆ. ಆ ಜೋಡಿಗೆ ಮಿತಿ 21 ಟನ್. ಮಾಲನ್ನು ಹಿಂಬಾಗಿಲ ಕಡೆ ಗುಡ್ಡೆ ಹಾಕಿ ಮುಂದೆ 5.5 ಟನ್ನೇ ಬಿದ್ದರೆ, ಅದೇ 28.5 ಟನ್ ಗಾಡಿ ಹಿಂದೆ 23 ಟನ್ ಒತ್ತುತ್ತದೆ. ತೂಕದ ಚೀಟಿಯಲ್ಲಿ ತಪ್ಪು ಕಾಣುವುದಿಲ್ಲ, ಚಪ್ಪಡಿಯ ಅಡಿಯಲ್ಲಿ ಬಿರುಕು ಕಾಣುತ್ತದೆ. ಹಾಗಾಗಿ ವೇಬ್ರಿಡ್ಜಿನಲ್ಲಿ ಎರಡು ಸಲ ತೂಗಿಸಿ: ಮೊದಲು ಪೂರ್ತಿ ಗಾಡಿ, ಆಮೇಲೆ ಮುಂದಿನ ಚಕ್ರ ಸಮತಟ್ಟಾದ ನೆಲಕ್ಕಿಳಿಸಿ ಹಿಂದಿನ ಜೋಡಿ ಮಾತ್ರ. ಹೆಚ್ಚಾದರೆ ಮಾಲನ್ನು ಮುಂದಕ್ಕೆ ಎಳೆಸಿ, ಇಲ್ಲವೇ ಇಳಿಸಿ.

2018ರಲ್ಲಿ ಈ ಗಾಡಿಯ ಮಿತಿಯನ್ನು 25 ಟನ್ನಿನಿಂದ 28.5ಕ್ಕೆ ಏರಿಸಿದರು. ಆ ಏರಿಕೆ ಗಾಡಿಗೆ, ಅದಕ್ಕೂ ಹಿಂದೆ ಕಟ್ಟಿದ ಮೋರಿಗಲ್ಲ. ಅಲ್ಲಿ 10 ಟನ್ ಎಂಬ ಬೋರ್ಡಿದ್ದರೆ ಆರ್‌ಸಿಯ ಅಂಕಿ ತೋರಿಸಿ ವಾದ ಮಾಡಬೇಡಿ, ಬೋರ್ಡೇ ಅಂತಿಮ.

‘ಸೇತುವೆಗೆ ನೀವು ಹೆಚ್ಚಿನ ಬಲದ ಮಾರ್ಜಿನ್ ಇಟ್ಟೇ ಇರ್ತೀರಲ್ಲ’ ಎನ್ನುತ್ತಾರೆ ಮಾಲೀಕರು. ಇಟ್ಟಿರುತ್ತೇವೆ. ತುಕ್ಕು ಹಿಡಿದ ಕಂಬಿಗೆ, ಕಾಂಕ್ರೀಟಿನ ಏರುಪೇರಿಗೆ ಇಟ್ಟದ್ದು ಅದು. ಹಳೆಯ ಮೋರಿಯಲ್ಲಿ ಅದೆಷ್ಟು ಉಳಿದಿದೆ ಎಂದು ರಸ್ತೆಯಲ್ಲಿ ನಿಂತು ಯಾರೂ ಹೇಳಲಾರರು. ಚಕ್ರದ ಕುಲುಕಾಟಕ್ಕೆ ಬೇರೆ ಲೆಕ್ಕವಿದೆ: ಐಆರ್‌ಸಿಯ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ‘ಕ್ಲಾಸ್ ಎ’ ಲೋಡಿಗೆ, ಅಂದರೆ ಸೇತುವೆ ವಿನ್ಯಾಸಕ್ಕೆ ಬಳಸುವ ಮಾದರಿ ಗಾಡಿಯ ತೂಕಕ್ಕೆ, 3 ಮೀಟರಿನ ಕಾಂಕ್ರೀಟ್ ಸೇತುವೆಯಲ್ಲಿ ಶೇ 50 ಹೆಚ್ಚು ಹಿಡಿಯುತ್ತೇವೆ, 12 ಮೀಟರಿನದಕ್ಕೆ ಶೇ 25. ಸೇತುವೆ ಚಿಕ್ಕದಾದಷ್ಟೂ ಪೆಟ್ಟು ಜೋರು.

ಮೋರಿ ಸೇರುವಲ್ಲಿ ಮಣ್ಣು ಕುಸಿದು ಮೆಟ್ಟಿಲಾಗಿದ್ದರೆ ಪ್ರತಿ ಟಿಪ್ಪರೂ ಅಲ್ಲಿ ಹಾರಿ ಬೀಳುತ್ತದೆ. ಆ ತಗ್ಗು ಮುಚ್ಚಿಸುವವರೆಗೆ ನಡಿಗೆ ವೇಗದಲ್ಲಿ ದಾಟಿ, ಮೋರಿಯ ಮೇಲೆ ಬ್ರೇಕ್ ಹಾಕಬೇಡಿ. ಮುಂದಿನ ಗಾಡಿ ಪೂರ್ತಿ ಇಳಿದ ಮೇಲೆ ನಿಮ್ಮದು ಹತ್ತಲಿ.