ಕಣ್ಣಿನ ಮಕ್ಕಳು, ಕೈಯ ಮಕ್ಕಳು

ಬೋರ್ಡಿನ ಮೇಲೆ ಡ್ರಾಯಿಂಗ್ ಮೇಷ್ಟ್ರು ಬರೆದ ಹೂದಾನಿಯನ್ನು ನೋಡಿ ಹಾಗೆಯೇ ಇಳಿಸುವುದೇ ಚಿತ್ರಕಲೆ ಎಂದು ನಂಬಿ ಬೆಳೆದವರು ನಾವು. ಹೂದಾನಿಯ ಎರಡೂ ಬದಿ ಒಂದೇ ಸಮ ಬಂದರೆ ಹತ್ತಕ್ಕೆ ಎಂಟು, ಒಂದು ಬದಿ ಉಬ್ಬಿದರೆ ನಾಲ್ಕು. ಆ ನಾಲ್ಕು ಅಂಕದ ಹುಡುಗ ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಇಡೀ ಓಣಿಗೆ ಎತ್ತು ಮಾಡಿಕೊಡುವವನು ಎಂಬ ಸಂಗತಿ ಅಂಕಪಟ್ಟಿಗೆ ಗೊತ್ತೇ ಆಗುತ್ತಿರಲಿಲ್ಲ.

ಈ ಹೂದಾನಿಗೆ ಒಂದು ವಂಶಾವಳಿ ಇದೆ. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ಶಸ್ತ್ರವೈದ್ಯ ಮದರಾಸಿನಲ್ಲಿ ಕಲಾಶಾಲೆ ತೆರೆದ. ಬ್ರಿಟಿಷರ ಆಡಳಿತದಲ್ಲಿ ಇಂಥ ಶಾಲೆಗಳು ಬೆಳೆದದ್ದು ಮಕ್ಕಳ ಮನಸ್ಸು ಅರಳಲಿ ಎಂದಲ್ಲ. ಕುಶಲಕರ್ಮಿಗಳ ಕಣ್ಣು, ಕೈ ಪಳಗಲಿ, ನಕ್ಷೆ ಬರೆಯುವವರು ಸಿಗಲಿ ಎಂದು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪದ್ಧತಿಯಲ್ಲಿ ಮೊದಲು ಗೆರೆ, ಆಮೇಲೆ ಆಕಾರ, ಆಮೇಲೆ ನೆರಳು. ಎಲ್ಲರಿಗೂ ಒಂದೇ ಮೆಟ್ಟಿಲು. ಚಿತ್ರಕಲೆಯ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳ ಹೆಸರಿನಲ್ಲೇ ಆ ಮೆಟ್ಟಿಲಿನ ಸದ್ದು ಇನ್ನೂ ಕೇಳುತ್ತದೆ. ಅಳತೆ ಕಲಿಸುವುದಕ್ಕೆ ಅದು ಕೆಟ್ಟ ಪದ್ಧತಿಯೇನಲ್ಲ. ಅದನ್ನು ಬಿಟ್ಟರೆ ಚಿತ್ರಕಲೆಯೇ ಇಲ್ಲ ಎಂದುಕೊಂಡದ್ದು ತಪ್ಪು.

ಬೇರೆ ದಾರಿ ತೆರೆದದ್ದು ವಿಯೆನ್ನಾ ನಗರ. ಅಲ್ಲಿ ಫ್ರಾಂಜ್ ಚಿಜೆಕ್ 1897ರಲ್ಲಿ ಮಕ್ಕಳಿಗಾಗಿಯೇ ಕಲಾ ತರಗತಿ ಶುರುಮಾಡಿ, ಅವರ ಚಿತ್ರಗಳನ್ನು ದೊಡ್ಡವರ ಅಳತೆಗೋಲಿನಲ್ಲಿ ತೂಗುವುದನ್ನು ನಿಲ್ಲಿಸಿದ. ನನ್ನ ಮಟ್ಟಿಗೆ ಇನ್ನೂ ಮುಖ್ಯವಾದ ಘಟನೆ ನಡೆದದ್ದು ಕೆಲವು ದಶಕಗಳ ನಂತರ, ಅದೇ ಊರಿನ ಹೋಹೆ ವಾರ್ಟೆ ಅಂಧರ ಶಾಲೆಯಲ್ಲಿ.

ಅಲ್ಲಿ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಯುವ ಶಿಕ್ಷಕ ಮಕ್ಕಳ ಕೈಗೆ ಜೇಡಿಮಣ್ಣು ಕೊಟ್ಟ. ಪೂರ್ತಿ ಕುರುಡರಾದವರು ಮುಟ್ಟಿ ಮುಟ್ಟಿ ಮುಖಗಳನ್ನು ಮಾಡಿದರು. ಅಲ್ಪಸ್ವಲ್ಪ ದೃಷ್ಟಿ ಇದ್ದವರನ್ನು ಗಮನಿಸಿದಾಗ ಅವನಿಗೆ ಅಚ್ಚರಿ ಕಾದಿತ್ತು. ಕೆಲವರು ಇರುವ ಚೂರು ದೃಷ್ಟಿಯನ್ನೇ ನೆಚ್ಚಿ ಮಣ್ಣನ್ನು ಕಣ್ಣಿನ ಹತ್ತಿರ ಹಿಡಿದರೆ, ಇನ್ನು ಕೆಲವರು ಕಾಣುತ್ತಿದ್ದರೂ ಕಣ್ಣನ್ನು ಬಳಸದೆ ಬೆರಳನ್ನೇ ನಂಬಿದರು. ಹಾಗಾದರೆ ವ್ಯತ್ಯಾಸ ದೃಷ್ಟಿದೋಷದಲ್ಲಿಲ್ಲ, ಮಗು ಲೋಕವನ್ನು ಹಿಡಿಯುವ ರೀತಿಯಲ್ಲಿದೆ ಎಂದು ಅವನಿಗೆ ಹೊಳೆಯಿತು. ಒಂದು ಬಗೆಯವರು, ಅಂದರೆ ಕಣ್ಣಿನವರು, ನೋಡುಗರಂತೆ ಹೊರಗೆ ನಿಂತು ಚಿತ್ರಿಸುತ್ತಾರೆ. ಇನ್ನೊಂದು ಬಗೆಯವರು, ಅಂದರೆ ಕೈಯವರು, ಮೈಯೊಳಗಿನ ಅನುಭವದಿಂದ ಚಿತ್ರಿಸುತ್ತಾರೆ, ಭಾರ ಹೊತ್ತ ಕೈಯನ್ನು ಉಳಿದ ದೇಹಕ್ಕಿಂತ ದೊಡ್ಡದಾಗಿ ಬರೆಯುತ್ತಾರೆ. ಮೇಷ್ಟ್ರ ಕಣ್ಣಿಗೆ ಅದು ಅಳತೆ ತಪ್ಪಿದ ಕೈ.

ಯಹೂದಿಯಾದ ಲೋವೆನ್‌ಫೆಲ್ಡ್ 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಆಸ್ಟ್ರಿಯಾ ಬಿಟ್ಟ. ಅಮೆರಿಕದ ವರ್ಜೀನಿಯಾದಲ್ಲಿ ಕಪ್ಪು ಜನರ ಕಾಲೇಜಾಗಿದ್ದ ಹ್ಯಾಂಪ್ಟನ್‌ನಲ್ಲಿ ಪಾಠ ಮಾಡಿದ. ಕೊಳಾಯಿ ಕೆಲಸ ಕಲಿಯಲು ಅಲ್ಲಿಗೆ ಬಂದಿದ್ದ ಜಾನ್ ಬಿಗರ್ಸ್ ಅವನ ತರಗತಿಯಲ್ಲಿ ಕುಳಿತು, ಮುಂದೆ ಹೆಸರಾಂತ ಭಿತ್ತಿಚಿತ್ರಕಾರನಾದ. 1947ರಲ್ಲಿ ಬಂದ ಲೋವೆನ್‌ಫೆಲ್ಡ್‌ನ ಗ್ರಂಥ ಅಮೆರಿಕದ ಚಿತ್ರಕಲಾ ಶಿಕ್ಷಕರ ಕೈಪಿಡಿಯೇ ಆಗಿಹೋಯಿತು. ಬಣ್ಣ ತುಂಬುವ ಪುಸ್ತಕಗಳು ಅವನಿಗೆ ಆಗುತ್ತಿರಲಿಲ್ಲ. ಅವನ ಪರೀಕ್ಷೆಗಳ ಪ್ರಕಾರ ಹೆಚ್ಚುಕಡಿಮೆ ಅರ್ಧದಷ್ಟು ಜನ ಕಣ್ಣಿನವರು, ಕಾಲುಭಾಗದಷ್ಟು ಕೈಯವರು, ಉಳಿದವರು ನಡುವಿನವರು.

ಯಡವಟ್ಟಾದದ್ದು ಈ ವಿಂಗಡಣೆಯ ಮೋಹದಿಂದ. ದಶಕಗಳು ಕಳೆದಂತೆ ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಡಬ್ಬಿಗಳಿಗೆ ತುಂಬುವ ಪ್ರಶ್ನಾವಳಿಗಳು ಹುಟ್ಟಿಕೊಂಡವು. ಹಾರ್ವರ್ಡ್‌ನ ಮನೋವಿಜ್ಞಾನಿ ಹೋವರ್ಡ್ ಗಾರ್ಡ್ನರ್ 1983ರಲ್ಲಿ ಬುದ್ಧಿ ಒಂದು ಬಗೆಯದಲ್ಲ, ಏಳು ಬಗೆಯದು ಎಂದಾಗ ಅದನ್ನೂ ಇದೇ ಡಬ್ಬಿಗೆ ಸೇರಿಸಿದರು. ನಾನು ಹೇಳಿದ್ದು ಅದಲ್ಲ ಎಂದು ಅವರು ಮತ್ತೆ ಮತ್ತೆ ಸ್ಪಷ್ಟಪಡಿಸಬೇಕಾಯಿತು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗ ಮನೋವಿಜ್ಞಾನಿಗಳು ಅದುವರೆಗಿನ ಅಧ್ಯಯನಗಳನ್ನು ಜಾಲಾಡಿ, ಮಗುವಿನ ‘ಶೈಲಿ’ಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ತಕ್ಕ ಪುರಾವೆ ಇಲ್ಲ ಎಂದರು. ಡಬ್ಬಿಗಳ ಮಾರಾಟ ಮಾತ್ರ ನಿಂತಿಲ್ಲ.

ನನಗೆ ಇಲ್ಲಿ ನೆನಪಾಗುವವರು ಶಾಂತಿನಿಕೇತನದ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ. ಹುಟ್ಟಿನಿಂದಲೇ ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದು ತೀರಾ ಮಂದ. ಅಷ್ಟರಲ್ಲೇ ಅಲ್ಲಿನ ಹಿಂದಿ ಭವನದ ಗೋಡೆಯ ಮೇಲೆ ಮಧ್ಯಯುಗದ ಸಂತರನ್ನು ಚಿತ್ರಿಸಿದರು. ಐವತ್ತರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಇದ್ದ ದೃಷ್ಟಿಯೂ ಹೋಯಿತು. ಆಮೇಲೆ ಅವರು ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರು, ಬೊಂಬೆಗಳನ್ನು ಮಾಡಿದರು, 1972ರಲ್ಲಿ ಕಲಾಭವನದ ಗೋಡೆಗೆ ಹೆಂಚಿನ ಬಿಲ್ಲೆಗಳ ಭಿತ್ತಿಯನ್ನೇ ಜೋಡಿಸಿದರು. ಅವರನ್ನು ಯಾವ ಡಬ್ಬಿಗೆ ಹಾಕುವುದು? ಬದಲಾದದ್ದು ಸಾಮಗ್ರಿ. ಕುಂಚದ ಜಾಗಕ್ಕೆ ಕತ್ತರಿ ಬಂತು.

ಪಾಠ ಹೆಣೆಯುವವರು ಹಿಡಿಯಬೇಕಾದ ಎಳೆ ಇದೇ ಎನಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಲ್ಲ ಮಕ್ಕಳಿಗೂ ಒಂದೇ ತರಗತಿಯಲ್ಲಿ ಜಾಗ ಇರಬೇಕು ಎನ್ನುತ್ತದೆ. ಹಾಗಾಗಿ ಮಕ್ಕಳನ್ನು ವಿಂಗಡಿಸುವ ಬದಲು ಹೂದಾನಿಯ ಪಾಠವನ್ನೇ ಬಿಚ್ಚಿ ಹರಡಬಹುದು. ಬೋರ್ಡಿನ ಹೂದಾನಿ ಬೇಡ, ಕುಂಬಾರರ ಮನೆಯ ನಿಜವಾದ ಗಡಿಗೆ ಬರಲಿ. ಮೊದಲು ಎಲ್ಲರೂ ಕಣ್ಣು ಮುಚ್ಚಿ ಅದರ ಕಂಠ, ಹೊಟ್ಟೆ, ತಳ ಮುಟ್ಟಲಿ. ತಟ್ಟಿದರೆ ಎಂಥ ಸದ್ದು? ಆಮೇಲೆ ಒಬ್ಬಳು ಇದ್ದಿಲಿನಲ್ಲಿ ಬರೆಯಲಿ, ಒಬ್ಬ ಕಾಗದ ಹರಿದು ಅಂಟಿಸಲಿ, ಮಣ್ಣೆತ್ತಿನ ಹುಡುಗ ಮಣ್ಣಿನಲ್ಲಿ ಮಾಡಲಿ. ಮುಂದಿನ ವಾರ ಅದಲುಬದಲು, ಏಕೆಂದರೆ ಅವನಿಗೂ ಗೆರೆ ಬೇಕು, ಅವಳಿಗೂ ಮಣ್ಣು ಬೇಕು. ಅಂಕ ಕೊಡುವಾಗ ಎಲ್ಲರಿಗೂ ಕೇಳುವುದು ಒಂದೇ ಪ್ರಶ್ನೆ: ಗಡಿಗೆಯ ಹೊಟ್ಟೆಯ ದುಂಡು ಇಲ್ಲಿ ಬಂದಿದೆಯೇ?

ಇದಕ್ಕೆ ನಲವತ್ತು ನಿಮಿಷ ಸಾಲದು. ಮಣ್ಣು ಕಲಸಿ ಕೈ ತೊಳೆಯುವಷ್ಟರಲ್ಲೇ ಗಂಟೆ ಬಾರಿಸುತ್ತದೆ. ಎರಡು ಪೀರಿಯಡ್ ಜೋಡಿಸಿಕೊಡಿ ಎಂದು ಕೇಳಹೊರಟ ಡ್ರಾಯಿಂಗ್ ಮೇಷ್ಟ್ರಿಗೆ, ಪೋರ್ಷನ್ ಮುಗಿದಿಲ್ಲ ಎಂದು ಅವರ ಇದ್ದೊಂದು ಪೀರಿಯಡ್ಡನ್ನೂ ಕೇಳಲು ಬಂದ ಗಣಿತದ ಮೇಷ್ಟ್ರು ಬಾಗಿಲಲ್ಲೇ ಎದುರಾಗುತ್ತಾರೆ.