ಹಾರುವ ತಟ್ಟೆಗಳ ಕಡತ, ಯಂತ್ರದ ಪೂರ್ವಗ್ರಹ

ಆಕಾಶದಲ್ಲಿ ಕಂಡ ಗುರುತು ಸಿಗದ ವಸ್ತುವಿನ ವಿಡಿಯೊವನ್ನು ಕೃತಕ ಬುದ್ಧಿಮತ್ತೆಯ ಮುಂದಿಟ್ಟು ‘ಇದೇನು?’ ಎಂದು ಕೇಳುವುದು ಈಗ ಸುಲಭವಾಗಿದೆ. ಯಂತ್ರಕ್ಕೆ ನಂಬಿಕೆಯೂ ಇಲ್ಲ, ಅಪನಂಬಿಕೆಯೂ ಇಲ್ಲ, ಆದ್ದರಿಂದ ಅದರ ಉತ್ತರ ನಿಷ್ಪಕ್ಷಪಾತವಾಗಿರುತ್ತದೆ ಎಂಬ ಎಣಿಕೆ ಅನೇಕರಲ್ಲಿದೆ. ಆದರೆ ಯಂತ್ರ ಕಲಿಯುವುದು ಮನುಷ್ಯರು ಕೂಡಿಟ್ಟ ದಾಖಲೆಗಳಿಂದಲೇ. ಯುಎಫ್‌ಒ, ಅಂದರೆ ಗುರುತು ಸಿಗದ ಹಾರುವ ವಸ್ತುಗಳ ವಿಷಯದಲ್ಲಿ ಆ ದಾಖಲೆಗಳು ಮೊದಲಿನಿಂದಲೂ ಒಂದು ಕಡೆಗೆ ವಾಲಿಕೊಂಡೇ ಬೆಳೆದಿವೆ.

1947ರ ಜೂನ್ 24ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಬಳಿ ವಿಮಾನ ಹಾರಿಸುತ್ತಿದ್ದ ಕೆನೆತ್ ಅರ್ನಾಲ್ಡ್, ಒಂಬತ್ತು ವಸ್ತುಗಳು ಅತಿವೇಗವಾಗಿ ಸಾಗುವುದನ್ನು ಕಂಡೆನೆಂದು ಹೇಳಿದರು. ಪತ್ರಿಕೆಗಳಲ್ಲಿ ಅದು ‘ಹಾರುವ ತಟ್ಟೆ’ಯಾಗಿ ಹರಡಿತು, ಮುಂದಿನ ವಾರಗಳಲ್ಲಿ ದೇಶದ ನಾನಾ ಕಡೆಗಳಿಂದ ಅಂಥದೇ ವರದಿಗಳು ಬಂದವು. ಅಮೆರಿಕದ ವಾಯುಪಡೆ ಇವುಗಳ ಪರಿಶೀಲನೆಗೆ ನಡೆಸಿದ ಯೋಜನೆಗಳಲ್ಲಿ ಕೊನೆಯದಾದ ‘ಪ್ರಾಜೆಕ್ಟ್ ಬ್ಲೂ ಬುಕ್’ 1969ರಲ್ಲಿ ಮುಚ್ಚುವ ಹೊತ್ತಿಗೆ ಕಡತದಲ್ಲಿ 12,618 ವರದಿಗಳಿದ್ದವು. ಅವುಗಳಲ್ಲಿ 701ಕ್ಕೆ ವಿವರಣೆ ಸಿಕ್ಕಿರಲಿಲ್ಲ. ಈ 701 ಎಂಬ ಸಂಖ್ಯೆಯನ್ನು ಇಂದಿಗೂ ಸಾಕ್ಷ್ಯವೆಂಬಂತೆ ಮುಂದಿಡುವವರಿದ್ದಾರೆ. ಆದರೆ ತಾನು ಕಂಡದ್ದು ಬಲೂನೋ ಶುಕ್ರಗ್ರಹವೋ ಎಂದು ಆ ಕ್ಷಣಕ್ಕೇ ಗುರುತಿಸಿದವನು ವರದಿ ಬರೆಯುವುದಿಲ್ಲ, ಕಡತಕ್ಕೆ ಸೇರುವುದು ಬೆರಗಾದವರ ಮಾತು ಮಾತ್ರ. ವಿವರಣೆ ಸಿಗದಿರುವುದಕ್ಕೂ ಬಹುಪಾಲು ವಿವರಗಳ ಕೊರತೆಯೇ ಕಾರಣವಾಗಿರಬಹುದು.

ಸಂದೇಹವಾದಿಗಳ ಕಡೆಯಲ್ಲೂ ಆತುರವಿತ್ತೆಂದು ಒಪ್ಪಬೇಕು. 1966ರಲ್ಲಿ ಮಿಶಿಗನ್ ರಾಜ್ಯದಲ್ಲಿ ಹಲವರು ಕಂಡ ಬೆಳಕುಗಳಿಗೆ ವಾಯುಪಡೆಯ ಸಲಹೆಗಾರರಾಗಿದ್ದ ಖಗೋಳವಿಜ್ಞಾನಿ ಜೆ. ಅಲೆನ್ ಹೈನೆಕ್ ಜೌಗು ನೆಲದ ಅನಿಲವೇ ಕಾರಣವಿರಬಹುದೆಂದಾಗ ಜನ ಕೆರಳಿದರು. ಕಂಡವರನ್ನು ಗೇಲಿ ಮಾಡುವ ವಾತಾವರಣದಲ್ಲಿ ಪೈಲಟ್‌ಗಳು ವರದಿ ಮಾಡಲು ಹಿಂಜರಿದರೆ, ಒಳ್ಳೆಯ ಮಾಹಿತಿಯೇ ಕಡತದಿಂದ ಹೊರಗುಳಿಯುತ್ತದೆ.

2021ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ನಿರ್ದೇಶಕರ ಕಚೇರಿ ಹೊರತಂದ ವರದಿ ಈ ದೃಷ್ಟಿಯಿಂದ ಮುಖ್ಯವಾದದ್ದು. ಪರಿಶೀಲಿಸಿದ 144 ಪ್ರಕರಣಗಳಲ್ಲಿ ಖಚಿತವಾಗಿ ಗುರುತಿಸಲಾದದ್ದು ಒಂದೇ, ಅದು ಗಾಳಿ ಇಳಿಯುತ್ತಿದ್ದ ದೊಡ್ಡ ಬಲೂನು. ಸೇನಾ ತರಬೇತಿ ಮತ್ತು ಪರೀಕ್ಷಾ ವಲಯಗಳ ಸುತ್ತ ಹೆಚ್ಚು ಪ್ರಕರಣಗಳು ಕಂಡುಬಂದಿದ್ದರೂ, ಅಲ್ಲಿ ಹೊಸ ಸಂವೇದಕಗಳೂ ನೋಡುವ ಕಣ್ಣುಗಳೂ ಹೆಚ್ಚಿರುವುದರಿಂದ ಅದು ಮಾಹಿತಿ ಸಂಗ್ರಹದ ಪೂರ್ವಗ್ರಹವೇ ಇರಬಹುದೆಂದು ವರದಿ ಎಚ್ಚರಿಸಿತು.

ಇದೇ ದೋಷ ಯಂತ್ರಕಲಿಕೆಯಲ್ಲಿ ಬೇರೊಂದು ದಾರಿಯಿಂದ ಬೆಳಕಿಗೆ ಬಂದಿತ್ತು. ಮುಖ ನೋಡಿ ಲಿಂಗವನ್ನು ಗುರುತಿಸುವ ಮೂರು ವಾಣಿಜ್ಯ ವ್ಯವಸ್ಥೆಗಳನ್ನು 2018ರಲ್ಲಿ ಪರೀಕ್ಷಿಸಿದ ಸಂಶೋಧಕಿಯರಾದ ಜಾಯ್ ಬುಓಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ತಿಳಿಬಣ್ಣದ ಪುರುಷರ ವಿಷಯದಲ್ಲಿ ತಪ್ಪಿನ ಪ್ರಮಾಣ ಶೇ 0.8ನ್ನು ಮೀರದಿದ್ದರೆ, ಕಪ್ಪುಬಣ್ಣದ ಮಹಿಳೆಯರ ವಿಷಯದಲ್ಲಿ ಅದು ಶೇ 34.7ರವರೆಗೂ ಹೋಗುತ್ತದೆಂದು ತೋರಿಸಿದರು. ಕಲಿಕೆಯ ದತ್ತಾಂಶದಲ್ಲಿ ವಿರಳವಾದದ್ದನ್ನು ಯಂತ್ರ ತಪ್ಪಾಗಿ ಓದುವ ಸಾಧ್ಯತೆ ಹೆಚ್ಚು. ಆಕಾಶಕ್ಕೂ ಇದು ಅನ್ವಯಿಸುತ್ತದೆ. 2019ರ ಮೇ ತಿಂಗಳಿಂದ ಗುಂಪುಗುಂಪಾಗಿ ಉಡಾವಣೆಯಾಗುತ್ತಿರುವ ಸ್ಟಾರ್‌ಲಿಂಕ್ ಉಪಗ್ರಹಗಳು ಸಾಲುದೀಪಗಳಂತೆ ಸಾಗುವುದನ್ನು, ಅದಕ್ಕೂ ಹಿಂದಿನ ಚಿತ್ರಗಳಿಂದಷ್ಟೇ ಕಲಿತ ಯಂತ್ರ ‘ಅಸಹಜ’ವೆಂದೇ ಗುರುತು ಹಾಕೀತು. ಆ ಗುರುತು ಯಂತ್ರದ ಅನುಭವದ ಮಿತಿಯನ್ನು ಹೇಳುತ್ತದೆಯೇ ಹೊರತು ವಸ್ತುವಿನ ಮೂಲವನ್ನಲ್ಲ.

ಚಾಟ್‌ಬಾಟ್‌ಗಳಲ್ಲಿ ಇನ್ನೊಂದು ತೊಡಕಿದೆ. ಬಳಕೆದಾರರು ಮೆಚ್ಚುವ ಉತ್ತರಗಳತ್ತ ತಿದ್ದಿ ತರಬೇತಿ ನೀಡಿರುವುದರಿಂದ, ಕೇಳುವವರ ಅಭಿಪ್ರಾಯಕ್ಕೆ ತಲೆದೂಗುವ ಒಲವು ಅವುಗಳಲ್ಲಿ ಕಂಡುಬಂದಿದೆ. ನಂಬಿದವನಿಗೆ ಪುಷ್ಟಿ, ನಂಬದವನಿಗೂ ಪುಷ್ಟಿ ದೊರೆತರೆ ತನಿಖೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

‘ಗೋಫಾಸ್ಟ್’ ಎಂಬ ವಿಡಿಯೊದ ಕಥೆ ಬೇರೆ. ಅಮೆರಿಕದ ನೌಕಾಪಡೆಯ ಯುದ್ಧವಿಮಾನದಿಂದ ತೆಗೆದ ಈ ದೃಶ್ಯದಲ್ಲಿ ಸಣ್ಣ ಬಿಳಿ ಚುಕ್ಕೆಯೊಂದು ಸಮುದ್ರಕ್ಕೆ ತಾಗಿದಂತೆ ಧಾವಿಸುವುದು ಕಾಣುತ್ತದೆ. ನಾಸಾ ನೇಮಿಸಿದ ಸ್ವತಂತ್ರ ತಂಡ ಪರದೆಯ ಮೇಲಿದ್ದ ದೂರ ಮತ್ತು ಕೋನದ ಅಂಕಿಗಳನ್ನು ಹಿಡಿದು ತ್ರಿಕೋನಮಿತಿಯ ಲೆಕ್ಕ ಹಾಕಿತು. ವಸ್ತು ಇದ್ದದ್ದು ಸುಮಾರು 13,000 ಅಡಿ ಎತ್ತರದಲ್ಲಿ, ಅದರ ವೇಗ ಗಂಟೆಗೆ ಸುಮಾರು 40 ಮೈಲಿ, ಅಂದರೆ ಗಾಳಿಯಲ್ಲಿ ತೇಲುವ ವಸ್ತುವಿಗೆ ಸಹಜವಾದಷ್ಟು. ಆ ಧಾವಂತವೆಲ್ಲ ಬಹುಮಟ್ಟಿಗೆ ಕ್ಯಾಮೆರಾ ಹೊತ್ತಿದ್ದ ವಿಮಾನದ್ದೇ.

2023ರ ಸೆಪ್ಟೆಂಬರ್‌ನಲ್ಲಿ ಇದೇ ತಂಡ ಕೊಟ್ಟ ವರದಿ, ಇಂಥ ಪ್ರಕರಣಗಳಿಗೆ ಅನ್ಯಗ್ರಹದ ಮೂಲವಿದೆ ಎನ್ನಲು ಆಧಾರವಿಲ್ಲವೆಂದಿತು. ಕೃತಕ ಬುದ್ಧಿಮತ್ತೆಯನ್ನು ಬಳಸಬೇಕೆಂದು ಶಿಫಾರಸು ಮಾಡಿದ ಅದು, ಅದಕ್ಕೆ ಮೊದಲು ಬೇಕಾದದ್ದು ಅಳತೆ ಕರಾರುವಾಕ್ಕಾಗಿರುವಂತೆ ಹೊಂದಿಸಿದ ಉಪಕರಣಗಳು ಮತ್ತು ಪ್ರತಿ ಚಿತ್ರದ ಜೊತೆಗೂ ಅದನ್ನು ತೆಗೆದ ಸಂದರ್ಭದ ಪೂರ್ಣ ಮಾಹಿತಿ ಎಂದು ಸ್ಪಷ್ಟಪಡಿಸಿತು.